ಗಾಜಿನ ಮನೆಗೆ ಅಡಿಗಲ್ಲಿಟ್ಟ ರಾಜಕುಮಾರ

ಜನವರಿ ಬಂತು ಅಂದ್ರೆ ಅರ್ಧ ಬೆಂಗಳೂರು ಲಾಲ್‌ಬಾಗಿನಲ್ಲಿರುತ್ತದೆ. ಫಲಪುಷ್ಪ ಪ್ರದರ್ಶನ. ಗಾಜಿನ ಮನೆಯೊಳಗೆ ಹೂವಿನಲ್ಲೇ ಕಟ್ಟಿದ ಯಾವುದೋ ಗೋಪುರ, ಅದರ ಸುತ್ತ ಸೆಲ್ಫಿಯವರ ನೂಕುನುಗ್ಗಲು, ಹಿಂದಿನಿಂದ "ನಿಲ್ಬೇಡಿ, ಮುಂದೆ ಹೋಗಿ" ಅನ್ನುವ ಸೀಟಿ. ಆ ಗದ್ದಲದಲ್ಲಿ ತಲೆ ಎತ್ತಿ ಆ ಕಬ್ಬಿಣದ ಕಮಾನುಗಳನ್ನು ನೋಡುವವರು ಕಡಿಮೆ. ಈ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಕಲ್ಲಿಟ್ಟವನು ಇಪ್ಪತ್ತೈದು ವರ್ಷದ ಒಬ್ಬ ಹುಡುಗ, ವಿಕ್ಟೋರಿಯಾ ರಾಣಿಯ ಮೊಮ್ಮಗ, ಪ್ರಿನ್ಸ್ ಆಲ್ಬರ್ಟ್ ವಿಕ್ಟರ್. ಕಟ್ಟಡಕ್ಕೂ ಮೊದಲು ಅವನದೇ ಹೆಸರಿತ್ತು.

ಅಪ್ಪನ ನಂತರ ಬ್ರಿಟನ್ನಿನ ಸಿಂಹಾಸನ ಇವನದು. ಅದರ ಜೊತೆಗೆ ಇಂಡಿಯಾ ಕೂಡ. ಅಂದರೆ ಅವತ್ತು ಲಾಲ್‌ಬಾಗಿನಲ್ಲಿ ನೆರೆದಿದ್ದವರು ನೋಡಿದ್ದು ತಮ್ಮ ಮುಂದಿನ ಚಕ್ರವರ್ತಿಯನ್ನು. ಹಾಗೆ ಅಂದುಕೊಂಡಿದ್ದರು, ಅಷ್ಟೆ. ಎರಡು ವರ್ಷ ಎರಡು ತಿಂಗಳು ತುಂಬುವುದರೊಳಗೆ ಅವನು ತೀರಿಕೊಂಡ. ಅವನ ಸಿಂಹಾಸನ ತಮ್ಮನಿಗೆ ಹೋಯಿತು. ಮದುವೆಗೆ ಗೊತ್ತಾಗಿದ್ದ ಹುಡುಗಿಯೂ ತಮ್ಮನಿಗೇ ಹೋದಳು.

ಹಳೇ ಕಥೆ, ಈಗ್ಯಾಕೆ ಅಂತೀರಾ? ಯುರೋಪಿನ ಅರಮನೆಗಳಲ್ಲಿ ಈಗ ಮತ್ತೊಂದು ತಲೆಮಾರು ಸಾಲಿನಲ್ಲಿ ನಿಂತಿದೆ. ಬೆಲ್ಜಿಯಂನ ಎಲಿಜಬೆತ್ 2001ರಲ್ಲಿ ಹುಟ್ಟಿದವಳು, ನೆದರ್‌ಲ್ಯಾಂಡ್ಸ್‌ನ ಅಮಾಲಿಯಾ 2003ರಲ್ಲಿ, ನಾರ್ವೆಯ ಇಂಗ್ರಿಡ್ 2004ರಲ್ಲಿ, ಸ್ಪೇನಿನ ಲಿಯೊನೋರ್ ಮತ್ತು ಡೆನ್ಮಾರ್ಕಿನ ಕ್ರಿಶ್ಚಿಯನ್ 2005ರಲ್ಲಿ. ಹೆಚ್ಚಿನವರು ಹೆಣ್ಣುಮಕ್ಕಳು. ಇವರ ಓದು, ಬಟ್ಟೆ, ಗೆಳೆಯರು, ಮಿಲಿಟರಿ ತರಬೇತಿ ಎಲ್ಲ ದಿನಾ ಸುದ್ದಿ. ಇದರ ಬೆನ್ನಿಗೇ ಒಂದು ವಾದವೂ ನಡೆದಿದೆ. ಹುಟ್ಟಿದ ಕೂಡಲೇ ಕೆಲಸ ನಿಗದಿ ಮಾಡಿ ಮಗುವನ್ನು ಬೆಳೆಸುವುದು ಸರಿಯಾ? ಅಥವಾ ಇಷ್ಟೆಲ್ಲ ಸವಲತ್ತು ಇರುವಾಗ ಅವರಿಗೇನು ಕಷ್ಟ? ಈ ವಾದದಲ್ಲಿ ಎರಡೂ ಕಡೆಯವರು ಮರೆಯುವ ಒಂದು ಮಾತಿದೆ. ಕುರ್ಚಿಗೆ ಒಬ್ಬರು ಬೇಕು. ಯಾರು ಅನ್ನುವುದು ಅದಕ್ಕೆ ಅಷ್ಟು ಮುಖ್ಯವಲ್ಲ. ಇದನ್ನು ಆಲ್ಬರ್ಟ್ ವಿಕ್ಟರನ ಬದುಕು ತೋರಿಸುವಷ್ಟು ಚೆನ್ನಾಗಿ ಇನ್ಯಾವುದೂ ತೋರಿಸಲಾರದು.

ಅವನು ಹುಟ್ಟಿದ್ದು 1864ರ ಜನವರಿ 8ರಂದು, ವಿಂಡ್ಸರ್ ಹತ್ತಿರದ ಫ್ರಾಗ್‌ಮೋರ್ ಮನೆಯಲ್ಲಿ. ತಾಯಿ ಅಲೆಕ್ಸಾಂಡ್ರಾಗೆ ಆಗ ಹತ್ತೊಂಬತ್ತು ವರ್ಷ. ಮಗು ಹುಟ್ಟಬೇಕಿದ್ದದ್ದು ಮಾರ್ಚಿನಲ್ಲಿ. ಆಕೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್ ನೋಡಿ ಮನೆಗೆ ಬಂದಿದ್ದಳಷ್ಟೆ, ಹೆರಿಗೆ ನೋವು ಶುರುವಾಯಿತು. ಏನೂ ತಯಾರಿ ಇರಲಿಲ್ಲ. ಸೂಲಗಿತ್ತಿ ಇಲ್ಲ, ತೊಟ್ಟಿಲಿಲ್ಲ, ಮಗುವಿಗೆ ಬಟ್ಟೆಯೂ ಇಲ್ಲ. ರಾಜಮನೆತನದ ಹೆರಿಗೆ ಅಂದರೆ ಮಂತ್ರಿಗಳು ಸಾಕ್ಷಿಗೆ ಇರಬೇಕು ಅನ್ನುವ ಪದ್ಧತಿ ಬೇರೆ. ಅವತ್ತು ಸಿಕ್ಕವರು ಒಬ್ಬರೇ, ಲಾರ್ಡ್ ಗ್ರಾನ್‌ವಿಲ್. ಮಗುವನ್ನು ಹಿಡಿದವಳು ಅಲೆಕ್ಸಾಂಡ್ರಾಳ ಜೊತೆಗಿದ್ದ ಹಿರಿಯ ಹೆಂಗಸು, ತಾನೂ ಹಲವು ಮಕ್ಕಳನ್ನು ಹೆತ್ತಿದ್ದ ಲೇಡಿ ಮ್ಯಾಕಲ್ಸ್‌ಫೀಲ್ಡ್. ಮಗುವಿನ ತೂಕ ಸುಮಾರು 1.7 ಕಿಲೋ. ಹತ್ತಿಯಲ್ಲಿ ಸುತ್ತಿ ಬೆಚ್ಚಗಿಟ್ಟರು. ಬದುಕಿತು.

ಹೆಸರಿಡುವ ವಿಷಯ ಇನ್ನೂ ತಮಾಷೆ. ಮಗು ಅಪ್ಪ ಅಮ್ಮನದು, ಹೆಸರು ಮಾತ್ರ ಅಜ್ಜಿಯದು. ತೀರಿಹೋದ ಗಂಡ ಆಲ್ಬರ್ಟ್, ಜೊತೆಗೆ ತನ್ನ ಹೆಸರು, ಎರಡನ್ನೂ ಸೇರಿಸಿ 'ಆಲ್ಬರ್ಟ್ ವಿಕ್ಟರ್' ಅಂತ ವಿಕ್ಟೋರಿಯಾ ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಇದು ಹೆತ್ತವರಿಗೆ ತಿಳಿದದ್ದು ರಾಣಿಯ ಆರು ವರ್ಷದ ಕೊನೇ ಮಗಳು ಬಿಯಾಟ್ರಿಸ್ ಬಾಯಿಂದ. ಅಪ್ಪನಿಗೆ ಸಿಟ್ಟು ಬಂತು. ಬಂದು ಏನು ಮಾಡೋದು? ಹೆಸರು ಹಾಗೇ ಉಳಿಯಿತು. ಮನೆಯಲ್ಲಿ ಮಾತ್ರ ಅವನನ್ನು ಎಡ್ಡಿ ಅಂತ ಕರೆದರು. ನಾವೂ ಹಾಗೇ ಕರೆಯೋಣ.

ಎಡ್ಡಿಗೆ ಒಂದೂವರೆ ವರ್ಷ ಆಗುವ ಹೊತ್ತಿಗೆ ತಮ್ಮ ಜಾರ್ಜ್ ಹುಟ್ಟಿದ. ಇಬ್ಬರಿಗೂ 1871ರಿಂದ ಒಬ್ಬರೇ ಮೇಷ್ಟ್ರು, ಜಾನ್ ಡಾಲ್ಟನ್ ಅನ್ನುವ ಪಾದ್ರಿ. ಹುಡುಗನ ಮನಸ್ಸು ಅಸಹಜವಾಗಿ ಮಲಗಿಬಿಟ್ಟಿದೆ ಅನ್ನುವ ಅರ್ಥದ ಮಾತನ್ನು ಬರೆದಿಟ್ಟವರು ಇವರೇ. ಆ ಒಂದು ಮಾತು ಎಡ್ಡಿಯ ಬೆನ್ನಿಗೆ ಅಂಟಿದ ಚೀಟಿಯಾಯಿತು. ಆಮೇಲೆ ಬರೆದವರೆಲ್ಲ ಅದನ್ನೇ ಮತ್ತೆ ಮತ್ತೆ ಓದಿ, ಅದನ್ನೇ ಬರೆದರು. ನನಗೆ ಇದರಲ್ಲಿ ಅನುಮಾನ ಇದೆ. ತಿಂಗಳು ತುಂಬದೆ ಹುಟ್ಟಿದ ಮಗು. ತಾಯಿಯ ಕಡೆಯಿಂದ ಕಿವುಡು ಬರುವ ಮನೆತನ. ಅಲೆಕ್ಸಾಂಡ್ರಾಗೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎಡ್ಡಿಗೂ ಸ್ವಲ್ಪ ಮಂದವಾಗಿಯೇ ಕೇಳಿಸುತ್ತಿತ್ತೇನೋ ಅಂತ ಕೆಲವು ಚರಿತ್ರೆಕಾರರು ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ ಹುಡುಗನನ್ನು ದಡ್ಡ ಅಂದ ಮೇಷ್ಟ್ರುಗಳನ್ನು ನಾವೂ ನೋಡಿದ್ದೇವೆ ಅಲ್ವಾ? ಇನ್ನೊಂದು ಮಾತು: ಹುಡುಗ ಕಲಿಯಲಿಲ್ಲ ಅಂದರೆ ತಪ್ಪು ಹುಡುಗನದ್ದು ಎಂದು ವರದಿ ಬರೆಯುವವನು ಯಾರು? ಕಲಿಸಿದವನೇ.

ಅಣ್ಣ ತಮ್ಮಂದಿರನ್ನು ಬೇರೆ ಮಾಡಬಾರದು, ಜಾರ್ಜ್ ಜೊತೆಗಿಲ್ಲದಿದ್ದರೆ ಎಡ್ಡಿ ಏನನ್ನೂ ಮಾಡುವುದಿಲ್ಲ ಎಂದು ಡಾಲ್ಟನ್ ಹಠ ಹಿಡಿದರು. ಹಾಗಾಗಿ 1877ರಲ್ಲಿ ನೌಕಾಪಡೆಯ ತರಬೇತಿ ಹಡಗು 'ಬ್ರಿಟಾನಿಯಾ'ಕ್ಕೆ ಇಬ್ಬರೂ ಒಟ್ಟಿಗೆ ಹೋದರು. ಎರಡು ವರ್ಷದ ನಂತರ 'ಬ್ಯಾಕಂಟಿ' ಅನ್ನುವ ಹಡಗಿನಲ್ಲಿ ಮೂರು ವರ್ಷದ ಲೋಕ ಪ್ರವಾಸ. ಆಗ ಮಂತ್ರಿಗಳಿಗೆ ಒಂದು ಚಿಂತೆ ಹತ್ತಿತು. ಇಬ್ಬರು ವಾರಸುದಾರರೂ ಒಂದೇ ಹಡಗಿನಲ್ಲಿ! ಅದು ಮುಳುಗಿದರೆ? ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಿ. ಮಕ್ಕಳು ಮುಳುಗಿಯಾರು ಅನ್ನುವ ಭಯ ಯಾವ ಮನೆಯಲ್ಲೂ ಇರುತ್ತದೆ. ಇಬ್ಬರೂ ಒಟ್ಟಿಗೆ ಮುಳುಗಬಾರದು ಅನ್ನುವ ಭಯ ಅರಮನೆಯಲ್ಲಿ ಮಾತ್ರ. ಕೊನೆಗೆ ಮಂತ್ರಿಗಳ ಮಾತು ನಡೆಯಲಿಲ್ಲ. ಹಡಗು ಹೊರಟಿತು. ಆಸ್ಟ್ರೇಲಿಯಾ ಹತ್ತಿರ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿಗೆ ಪೆಟ್ಟೂ ಬಿತ್ತು. ಮಕ್ಕಳು ಉಳಿದರು. ಜಪಾನಿನಲ್ಲಿ ಇಬ್ಬರೂ ಕೈಗೆ ಹಚ್ಚೆ ಹಾಕಿಸಿಕೊಂಡು ಬಂದರು. ಆ ಪ್ರವಾಸದಲ್ಲಿ ಅವರು ತಮ್ಮ ಇಷ್ಟಕ್ಕೆ ಮಾಡಿದ ಕೆಲಸ ಬಹುಶಃ ಇದೊಂದೇ.

ಯಾಕೆ ಹೀಗಂದೆ ಅಂದರೆ, 1886ರಲ್ಲಿ ಆ ಪ್ರವಾಸದ ಕಥನ ಎರಡು ದಪ್ಪ ಸಂಪುಟಗಳಲ್ಲಿ ಅಚ್ಚಾಯಿತು. ರಾಜಕುಮಾರರ ದಿನಚರಿ, ಪತ್ರಗಳಿಂದ ತೆಗೆದದ್ದು ಅಂತ ಹೆಸರು. ಒಳಗಿರುವ ಉದ್ದುದ್ದ ಪಾಂಡಿತ್ಯವೆಲ್ಲ ಡಾಲ್ಟನ್ ಅವರದ್ದು. ಹದಿನಾರು ಹದಿನೇಳರ ಹುಡುಗನ ದಿನಚರಿಯನ್ನೂ ಮೇಷ್ಟ್ರೇ ಬರೆದುಕೊಟ್ಟರೆ ಹುಡುಗನಿಗೆ ಉಳಿದದ್ದೇನು?

ಇದೇ ದೃಶ್ಯ ಮೊನ್ನೆ ಮೊನ್ನೆ ಮತ್ತೆ ನಡೆಯಿತು. 2025ರ ಜನವರಿಯಲ್ಲಿ ಸ್ಪೇನಿನ ಲಿಯೊನೋರ್ ನೌಕಾಪಡೆಯ ಹಾಯಿಹಡಗು 'ಹುವಾನ್ ಸೆಬಾಸ್ಟಿಯನ್ ದೆ ಎಲ್ಕಾನೊ' ಹತ್ತಿ ಕಾಡಿಜ್ ಬಂದರಿನಿಂದ ಹೊರಟಳು. ಮೊದಲು ಭೂಸೇನೆ, ಆಮೇಲೆ ನೌಕಾಪಡೆ, ಕೊನೆಗೆ ವಾಯುಪಡೆ, ಒಟ್ಟು ಮೂರು ವರ್ಷದ ತರಬೇತಿ. ಡೆಕ್ ಉಜ್ಜುವುದು, ಹಗ್ಗ ಎಳೆಯುವುದು, ಬಂದರಿನಲ್ಲಿ ಇಳಿದಾಗ ಸಲ್ಯೂಟ್ ಹೊಡೆಯುವುದು. ನೂರೈವತ್ತು ವರ್ಷ ಆದರೂ ವಾರಸುದಾರರನ್ನು ತಿದ್ದಲು ಅರಮನೆಗೆ ಹೊಳೆಯುವ ಉಪಾಯ ಹಡಗೇ! ಒಂದು ವ್ಯತ್ಯಾಸ ಮಾತ್ರ ಇದೆ. ಮಾರ್ಚಿನಲ್ಲಿ ಹಡಗು ಚಿಲಿ ದೇಶದ ಪುಂಟಾ ಅರೀನಾಸ್ ಮುಟ್ಟಿದಾಗ ಲಿಯೊನೋರ್ ಜೊತೆಯವರ ಸಂಗಡ ಒಂದು ಮಾಲ್‌ಗೆ ಹೋದಳು. ಅಲ್ಲಿನ ಸಿಸಿಟಿವಿಯ ದೃಶ್ಯವೇ ಪತ್ರಿಕೆಗಳಿಗೆ ಸಿಕ್ಕಿತು. ಅರಮನೆ ದೂರು ಕೊಡಬೇಕಾಯಿತು. ಎಡ್ಡಿಯ ಹಚ್ಚೆಗೆ ಆ ಕಾಟ ಇರಲಿಲ್ಲ.

ಹಡಗಿನಿಂದ ಇಳಿದ ಮೇಲೆ ಎಡ್ಡಿಯನ್ನು ಫ್ರೆಂಚ್ ಕಲಿಯಲಿ ಅಂತ ಸ್ವಿಟ್ಜರ್ಲೆಂಡಿಗೆ ಕಳಿಸಿದರು. 1883ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು. ಇವನಿಗೆ ಉಪನ್ಯಾಸದಿಂದ ಏನೂ ಪ್ರಯೋಜನವಾಗದು ಎಂದು ಅಲ್ಲಿ ಪಾಠ ಹೇಳಬೇಕಿದ್ದ ತರುಣನೇ ಮೊದಲು ಬರೆದ. ಪರೀಕ್ಷೆ ಬರೆಯುವ ಗೊಡವೆ ಅವನಿಗಿರಲಿಲ್ಲ. ಆದರೂ 1888ರಲ್ಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮಧ್ಯೆ 1885ರಲ್ಲಿ ಸೈನ್ಯದ ಹತ್ತನೇ ಹುಸಾರ್ಸ್ ಕುದುರೆ ದಳ. ಅಪ್ಪ ಮಗನ ಉದ್ದ ಕತ್ತು, ಎತ್ತರದ ಕಾಲರ್ ನೋಡಿ 'ಕಾಲರ್ಸ್ ಅಂಡ್ ಕಫ್ಸ್' ಅಂತ ಗೇಲಿ ಮಾಡುತ್ತಿದ್ದ. ಆ ಅಪ್ಪ, ಮುಂದೆ ಏಳನೇ ಎಡ್ವರ್ಡ್ ಆದವನು, ತಾನೂ ಚಿಕ್ಕಂದಿನಲ್ಲಿ ವೇಳಾಪಟ್ಟಿಯ ಹೊಡೆತ ತಿಂದವನೇ. ಸಿಂಹಾಸನಕ್ಕೆ ಕಾದು ಕಾದು 1901ರಲ್ಲಿ ಕೂತಾಗ ಅವನಿಗೆ ಐವತ್ತೊಂಬತ್ತು ವರ್ಷ. ಎಡ್ಡಿ ಬದುಕಿದ್ದರೂ 1910ರವರೆಗೆ, ಅಂದರೆ ನಲವತ್ತಾರು ವರ್ಷದವರೆಗೆ ಕಾಯಬೇಕಿತ್ತು.

ಬೇರೆ ಅರಮನೆಗಳಿಗೆ ಹೋಲಿಸಿದರೆ ಎಡ್ಡಿಯದು ಸುಖವೇ ಅನ್ನಿ. ಜರ್ಮನಿಯ ವಿಲ್ಹೆಲ್ಮ್ ಇವನ ಸೋದರತ್ತೆಯ ಮಗ. ಹುಟ್ಟುವಾಗಲೇ ಎಡಗೈ ಊನವಾಯಿತು. ಆ ಕೈಗೆ ಜೀವ ಬರಲಿ ಅಂತ ಆಗ ತಾನೇ ಕೊಂದ ಮೊಲದ ಬಿಸಿ ದೇಹದೊಳಗೆ ಇಟ್ಟರು, ವಿದ್ಯುತ್ ಹಾಯಿಸಿದರು, ಬಲಗೈ ಕಟ್ಟಿಹಾಕಿದರು. ಆಸ್ಟ್ರಿಯಾದ ರುಡಾಲ್ಫ್ ಆರು ವರ್ಷದವನಿದ್ದಾಗ ಧೈರ್ಯ ಕಲಿಸುತ್ತೇವೆ ಅಂತ ಅವನ ಸೇನಾ ಶಿಕ್ಷಕ ಮಲಗಿದ್ದ ಹುಡುಗನನ್ನು ಪಿಸ್ತೂಲಿನ ಸದ್ದಿನಿಂದ ಎಬ್ಬಿಸುತ್ತಿದ್ದ. ತಾಯಿ ಎಲಿಜಬೆತ್ ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದ ಮೇಲೆ ಆ ಶಿಕ್ಷಕನನ್ನು ತೆಗೆದರು. ಅದೇ ರುಡಾಲ್ಫ್ 1889ರ ಜನವರಿಯಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ಮೇಯರ್ಲಿಂಗ್ ಅನ್ನುವ ಬೇಟೆ ಬಂಗಲೆಯಲ್ಲಿ ಜೀವ ಕಳೆದುಕೊಂಡ. ಎಡ್ಡಿ ನಮ್ಮ ಕಡೆ ಬಂದದ್ದು ಅದೇ ವರ್ಷದ ಕೊನೆಗೆ.

ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದ ಎಡ್ಡಿ ಹೈದರಾಬಾದ್, ಮದ್ರಾಸ್ ನೋಡಿಕೊಂಡು ಮೈಸೂರಿಗೆ ಬಂದ. ಆಗ ಮಹಾರಾಜರು ಹತ್ತನೇ ಚಾಮರಾಜೇಂದ್ರ ಒಡೆಯರು. ಸಂಸ್ಥಾನ ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿ ಎಂಟೇ ವರ್ಷ ಆಗಿತ್ತು. ಅತಿಥಿಗೆ ಆನೆ ಖೆಡ್ಡಾ ತೋರಿಸಿದರು. ಖೆಡ್ಡಾದ ಗುರು ಸ್ಯಾಂಡರ್ಸನ್ ಅದರ ವಿವರ ಬರೆದಿದ್ದಾನೆ. ಬೆಂಗಳೂರಿಗೆ ಬಂದು ಎಡ್ಡಿ ಆ ಅಡಿಗಲ್ಲಿಟ್ಟ. ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮೆರಾನ್‌ಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿಯಲ್ಲಿ ಒಂದು ಗಾಜಿನ ಮನೆ ಆಗಬೇಕು ಅನ್ನುವ ಆಸೆ. ಕಬ್ಬಿಣ ಗ್ಲಾಸ್ಗೋದಿಂದ ಬಂತು. ಕೆಲಸ ಅವರದು, ಹೆಸರು ಎಡ್ಡಿಯದು. ಒಂದು ರೀತಿಯಲ್ಲಿ ಅವನ ಬದುಕಿನಲ್ಲಿ ಎಲ್ಲವೂ ಹೀಗೇ ನಡೆಯಿತು.

ಅವನು ಬಂದಾಗ ಮೈಸೂರು ಅರಮನೆಯಲ್ಲಿ ಇನ್ನೊಬ್ಬ ವಾರಸುದಾರನಿದ್ದ. ಐದು ವರ್ಷದ ಮಗು. ಆ ಮಗುವಿಗೆ ಹತ್ತು ವರ್ಷ ಆಗಿದ್ದಾಗ, 1894ರ ಡಿಸೆಂಬರಿನಲ್ಲಿ, ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ತೀರಿಕೊಂಡರು. ತಾಯಿ ಕೆಂಪನಂಜಮ್ಮಣ್ಣಿ ರಾಜಪ್ರತಿನಿಧಿಯಾಗಿ ಎಂಟು ವರ್ಷ ಆಡಳಿತ ನಡೆಸಿದರು. ಮಗನಿಗೂ ಒಬ್ಬ ಇಂಗ್ಲಿಷ್ ಮೇಷ್ಟ್ರು ಬಂದರು, ಸ್ಟುವರ್ಟ್ ಫ್ರೇಸರ್. ಆ ಹುಡುಗನೇ ನಾಲ್ವಡಿ ಕೃಷ್ಣರಾಜ ಒಡೆಯರ್. ಕುರ್ಚಿಯ ವ್ಯವಸ್ಥೆ ಕೆಲವೊಮ್ಮೆ ಫಲಿಸುತ್ತದೆ ಅನ್ನುವುದಕ್ಕೆ ನಾವು ಅವರನ್ನೇ ತೋರಿಸುತ್ತೇವೆ. ನಿಜವೇ. ಆದರೆ ಅದು ವ್ಯವಸ್ಥೆಯ ಗುಣವೋ, ಆ ತಾಯಿಯ ಗುಣವೋ, ನಮ್ಮ ಅದೃಷ್ಟವೋ? ನನಗಂತೂ ಕೊನೆಯ ಎರಡರ ಮೇಲೇ ನಂಬಿಕೆ ಜಾಸ್ತಿ.

ಈಗ ಮದುವೆ ವಿಷಯಕ್ಕೆ ಬರೋಣ. ಕುರ್ಚಿಯ ನಿಜಬಣ್ಣ ಕಾಣುವುದು ಇಲ್ಲಿ.

ಎಡ್ಡಿ ಮೊದಲು ಇಷ್ಟಪಟ್ಟದ್ದು ಜರ್ಮನಿಯ ಹೆಸ್ಸೆ ಸಂಸ್ಥಾನದ ಅಲಿಕ್ಸ್‌ಳನ್ನು. ಸೋದರತ್ತೆಯ ಮಗಳೇ. ಅವಳು ಒಲ್ಲೆ ಅಂದಳು. ಮುಂದೆ ರಷ್ಯಾದ ನಿಕೋಲಸ್‌ನನ್ನು ಮದುವೆಯಾಗಿ, ಕೊನೆಗೆ ಗುಂಡೇಟಿಗೆ ಬಲಿಯಾದ ರಾಣಿ ಅವಳೇ. ಆಮೇಲೆ ಫ್ರಾನ್ಸಿನ ರಾಜಕುಮಾರಿ ಎಲೆನ್. ಇದು ಎರಡೂ ಕಡೆಯ ಪ್ರೀತಿ. ತೊಡಕು ಒಂದೇ, ಅವಳು ಕ್ಯಾಥೊಲಿಕ್. ಕ್ಯಾಥೊಲಿಕ್‌ರನ್ನು ಮದುವೆಯಾದವರಿಗೆ ಬ್ರಿಟನ್ನಿನ ಸಿಂಹಾಸನವಿಲ್ಲ ಅಂತ 1701ರ ಕಾಯ್ದೆ. 1890ರ ಆಗಸ್ಟಿನಲ್ಲಿ ಇಬ್ಬರೂ ಒಟ್ಟಿಗೆ ಸ್ಕಾಟ್ಲೆಂಡಿನ ಬಾಲ್ಮೋರಲ್‌ಗೆ ಹೋಗಿ ಅಜ್ಜಿಯ ಮುಂದೆ ನಿಂತರು. ಕಠಿಣ ಅಂತ ಹೆಸರಾದ ಅಜ್ಜಿ ಕರಗಿದಳು. ಎಲೆನ್ ಮತ ಬದಲಿಸಲು ತಯಾರು. ಎಡ್ಡಿ ಹಕ್ಕು ಬಿಡಲೂ ತಯಾರು. ಹುಡುಗಿಯ ಅಪ್ಪ ಒಪ್ಪಲಿಲ್ಲ. ಅವಳು ಪೋಪ್ ಹದಿಮೂರನೇ ಲಿಯೋ ಹತ್ತಿರವೇ ಹೋಗಿ ಕೇಳಿದಳು. ಅವರೂ ಆಗದು ಅಂದರು. ಅಲ್ಲಿಗೆ ಮುಗಿಯಿತು. ಜೀವನದಲ್ಲಿ ಒಂದೇ ಸಲ ಎಡ್ಡಿ ಕುರ್ಚಿಗಿಂತ ಬೇರೆಯದನ್ನು ಬಯಸಿದ್ದ.

1891ರ ಬೇಸಿಗೆಯಲ್ಲಿ ಅಪ್ಪನ ಕಾರ್ಯದರ್ಶಿ ನಾಲಿಸ್ ಒಂದು ಪಟ್ಟಿ ಬರೆದ. ಎಡ್ಡಿಯನ್ನು ಏನು ಮಾಡಬಹುದು? ವಸಾಹತುಗಳ ಪ್ರವಾಸಕ್ಕೆ ಕಳಿಸುವುದು. ಯುರೋಪ್ ಮತ್ತು ವಸಾಹತು ಎರಡೂ ಸೇರಿಸಿ ಸುತ್ತಿಸುವುದು. ಇಲ್ಲವೇ ವಸಂತದಲ್ಲಿ ಪ್ರಿನ್ಸೆಸ್ ಮೇರಿ ಜೊತೆ ಮದುವೆ ಮಾಡಿಬಿಡುವುದು. ಮೂರೂ ಒಂದೇ ತಕ್ಕಡಿಯಲ್ಲಿ! ಹಡಗು ಅಥವಾ ಹೆಂಡತಿ. ನಮ್ಮಲ್ಲಿ 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಅವಸರಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಆ ವರ್ಷದ ಕೊನೆಯಲ್ಲಿ ಜಾರ್ಜ್‌ಗೆ ಟೈಫಾಯಿಡ್ ಬಂತು. ಅವನು ಉಳಿಯುವುದೇ ಅನುಮಾನ ಅನ್ನಿಸಿತು. ಎಡ್ಡಿಗೆ ಬೇಗ ಮಕ್ಕಳಾಗಲೇಬೇಕು.

ಮೇರಿಗೆ ಮನೆಯಲ್ಲಿ ಮೇ ಅಂತ ಹೆಸರು. ಟೆಕ್ ಮನೆತನದವಳು. ವಂಶ ದೊಡ್ಡದು, ಸಾಲ ಅದಕ್ಕಿಂತ ದೊಡ್ಡದು. ಸಾಲಗಾರರ ಕಾಟಕ್ಕೆ ಒಮ್ಮೆ ಇಡೀ ಸಂಸಾರ ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ಕೂತಿತ್ತು. ಹೆಣ್ಣು ನೋಡುವ ಶಾಸ್ತ್ರ ಮಾಡಿದ್ದು ಅಜ್ಜಿ. ಮೇಯನ್ನು ಬಾಲ್ಮೋರಲ್‌ಗೆ ಕರೆಸಿ, ಹತ್ತು ದಿನ ಇಟ್ಟುಕೊಂಡು, ನಡೆ ನುಡಿ ನೋಡಿ ಸೈ ಅಂದಳು. ಆಮೇಲೆ ಹುಡುಗನ ಸರದಿ. ಡಿಸೆಂಬರ್ 3ರಂದು ಲೂಟನ್ ಹೂ ಅನ್ನುವ ಬಂಗಲೆಯ ನೃತ್ಯಕೂಟದಲ್ಲಿ ಎಡ್ಡಿ ಕೇಳಿದ, ಮೇ ಹೂಂ ಅಂದಳು. ಮದುವೆಗೆ ಫೆಬ್ರವರಿ 27 ಗೊತ್ತಾಯಿತು.

ಆಗ ಯುರೋಪಿನಲ್ಲಿ ಒಂದು ಸಾಂಕ್ರಾಮಿಕ ಜ್ವರ. 'ರಷ್ಯನ್ ಫ್ಲೂ' ಅನ್ನುತ್ತಿದ್ದರು. 1889ರಲ್ಲಿ ಶುರುವಾಗಿ ಅಲೆ ಅಲೆಯಾಗಿ ಬರುತ್ತಿತ್ತು. ಕೋವಿಡ್ ಕಂಡ ನಮಗೆ ಆ ಅಲೆಗಳ ಲೆಕ್ಕ ವಿವರಿಸಬೇಕಿಲ್ಲ. 1892ರ ಹೊಸವರ್ಷಕ್ಕೆ ಸ್ಯಾಂಡ್ರಿಂಗ್‌ಹ್ಯಾಂ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅರ್ಧ ಮನೆಗೆ ನೆಗಡಿ, ಜ್ವರ. ಜನವರಿ 7ರಂದು ಬೇಟೆಗೆ ಹೋಗಿದ್ದ ಎಡ್ಡಿ ಮೈ ಸರಿಯಿಲ್ಲ ಅಂತ ವಾಪಸ್ ಬಂದ. ಮಾರನೇ ದಿನ ಅವನ ಹುಟ್ಟುಹಬ್ಬ. ಉಡುಗೊರೆ ನೋಡಲು ಹೇಗೋ ಮಹಡಿಯಿಂದ ಇಳಿದು ಬಂದ. ಸ್ವಲ್ಪ ಹೊತ್ತು ಇದ್ದು ಮತ್ತೆ ಮೇಲೆ ಹೋದ. ಊಟಕ್ಕೆ ಬರಲಿಲ್ಲ. ಮತ್ತೆ ಕೆಳಗಿಳಿಯಲೇ ಇಲ್ಲ.

ಅವನ ಕೋಣೆ ಚಿಕ್ಕದು. ಹಾಸಿಗೆಯಲ್ಲಿ ಮಲಗಿ ಕೈ ಚಾಚಿದರೆ ಬೆಂಕಿಗೂಡಿನ ಮೇಲಿನ ಹಲಗೆ ಸಿಗುವಷ್ಟು. ಅದರೊಳಗೆ ಡಾಕ್ಟರುಗಳು, ನರ್ಸುಗಳು, ಅಪ್ಪ, ಅಮ್ಮ, ತಂಗಿಯರು, ತಮ್ಮ, ಮದುವೆಯಾಗಬೇಕಿದ್ದ ಹುಡುಗಿ. ಫ್ಲೂ ನ್ಯುಮೋನಿಯಾಕ್ಕೆ ತಿರುಗಿತು. ಸನ್ನಿಯಲ್ಲಿ ಗಂಟೆಗಟ್ಟಲೆ ಏನೇನೋ ಕೂಗಿದ. ಹಳೆಯ ಸೈನ್ಯದ ಗೆಳೆಯರ ಹೆಸರು, ಎಲೆನ್ ಹೆಸರು. ಕೊನೆಕೊನೆಗೆ "ಯಾರದು? ಯಾರದು?" ಅಂತ ಮತ್ತೆ ಮತ್ತೆ ಕೇಳಿದನಂತೆ. ಜನವರಿ 14ರ ಬೆಳಿಗ್ಗೆ ಹೋಗಿಬಿಟ್ಟ. ಇಪ್ಪತ್ತೆಂಟು ತುಂಬಿ ಆರು ದಿನ ಆಗಿತ್ತು. ಅದೇ ದಿನ ಲಂಡನ್ನಿನಲ್ಲಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಗುರು ಕಾರ್ಡಿನಲ್ ಮ್ಯಾನಿಂಗ್ ಕೂಡ ತೀರಿಕೊಂಡರು. ಪತ್ರಿಕೆಗಳು ಎರಡೆರಡು ಸಾವಿನ ಕಪ್ಪು ಅಂಚು ಹಾಕಿ ಬಂದವು.

ಸೂತಕ ಕಳೆಯುವ ಮೊದಲೇ ಹಿರಿಯರ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಮೇ ಒಳ್ಳೆಯ ಹುಡುಗಿ. ಅಜ್ಜಿ ಪಾಸು ಮಾಡಿ ಆಗಿದೆ. ಜಾರ್ಜ್‌ಗೂ ಹೆಣ್ಣು ಬೇಕು. 1893ರ ಮೇ ತಿಂಗಳಲ್ಲಿ ಜಾರ್ಜ್ ಕೇಳಿದ, ಜುಲೈ 6ಕ್ಕೆ ಮದುವೆ. ಅವರೇ ಮುಂದೆ ಐದನೇ ಜಾರ್ಜ್ ಮತ್ತು ಕ್ವೀನ್ ಮೇರಿ. 1911ರಲ್ಲಿ ದೆಹಲಿ ದರ್ಬಾರಿಗೆ ಬಂದವರು, ಎರಡನೇ ಎಲಿಜಬೆತ್ ರಾಣಿಯ ಅಜ್ಜ ಅಜ್ಜಿ.

ಈ ಮನೆಯವರಿಗೆ ಇದು ಹೊಸದೇನಲ್ಲ. ಎಡ್ಡಿಯ ಚಿಕ್ಕಮ್ಮ ಡಾಗ್ಮಾರ್ ಡೆನ್ಮಾರ್ಕಿನವಳು. ಅವಳಿಗೆ ಗೊತ್ತಾಗಿದ್ದು ರಷ್ಯಾದ ಯುವರಾಜ ನಿಕೋಲಸ್ (ಅಲಿಕ್ಸ್‌ಳ ಗಂಡ ಅಲ್ಲ, ಇವನು ಬೇರೆ). ಅವನು 1865ರಲ್ಲಿ ಇಪ್ಪತ್ತೊಂದನೇ ವಯಸ್ಸಿಗೆ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡ. ಮಾರನೇ ವರ್ಷ ಡಾಗ್ಮಾರ್ ಅವನ ತಮ್ಮ ಅಲೆಕ್ಸಾಂಡರ್‌ನನ್ನು ಮದುವೆಯಾದಳು. ವಿಚಿತ್ರ ಅಂದರೆ ಎರಡು ಮದುವೆಗಳೂ ಚೆನ್ನಾಗಿಯೇ ನಡೆದವು. ಜಾರ್ಜ್ ಹೆಂಡತಿಯನ್ನು ನಿಜವಾಗಿ ಪ್ರೀತಿಸಿದ. ಒತ್ತಾಯದ ಮದುವೆ ಗೋಳಾಗಿಯೇ ಮುಗಿಯಬೇಕು ಅಂತೇನೂ ಇಲ್ಲ. ಆದರೆ ಮೇ ಎಂಬ ಹೆಣ್ಣಿಗೆ ಮೊದಲ ಸಲವೂ ಎರಡನೇ ಸಲವೂ ಬಂದದ್ದು ಒಂದೇ ಸಂಬಂಧ. ಕುರ್ಚಿಯ ಸಂಬಂಧ. ಅದರಲ್ಲಿ ಕೂತವನ ಹೆಸರು ಮಾತ್ರ ಬದಲಾಯಿತು.

ಎಡ್ಡಿಯನ್ನು ಬದುಕಿದ್ದಾಗಲೂ ಬಿಡಲಿಲ್ಲ, ಸತ್ತ ಮೇಲೂ ಬಿಡಲಿಲ್ಲ. 1889ರಲ್ಲಿ ಲಂಡನ್ನಿನ ಕ್ಲೀವ್‌ಲೆಂಡ್ ಬೀದಿಯ ಒಂದು ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ಗಂಡಸರು ಗಂಡಸರನ್ನು ಕೂಡುವ ಜಾಗ. ಆಗ ಅದು ಅಪರಾಧ. ಗಿರಾಕಿಗಳ ಪೈಕಿ ಎಡ್ಡಿಯೂ ಇದ್ದ ಅನ್ನುವ ಗುಸುಗುಸು ಎದ್ದಿತು. ಪುರಾವೆ ಇವತ್ತಿಗೂ ಸಿಕ್ಕಿಲ್ಲ. 1970ರಲ್ಲಿ ಇನ್ನೂ ದೊಡ್ಡದೊಂದು ಬಂತು. ಒಬ್ಬ ವಯಸ್ಸಾದ ಡಾಕ್ಟರು ಪತ್ರಿಕೆಯೊಂದರಲ್ಲಿ ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, 1888ರಲ್ಲಿ ಲಂಡನ್ನಿನ ಬಡ ಹೆಂಗಸರನ್ನು ಕೊಂದ ಜ್ಯಾಕ್ ದ ರಿಪ್ಪರ್ ಇವನೇ ಅನ್ನುವ ಸುಳಿವು ಕೊಟ್ಟರು. ಇದನ್ನು ಸುಳ್ಳು ಅನ್ನಲು ಒಂದೇ ದಿನ ಸಾಕು. ಸೆಪ್ಟೆಂಬರ್ 30ರ ನಸುಕಿನಲ್ಲಿ ಲಂಡನ್ನಿನಲ್ಲಿ ಎರಡು ಕೊಲೆ ಆದವು. ಎಡ್ಡಿ ಆಗ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ಅಜ್ಜಿಯ ಹತ್ತಿರ ಇದ್ದ. ರಾಜಮನೆತನದವರ ಓಡಾಟ ದಿನಾ ಅಚ್ಚಾಗುತ್ತಿತ್ತು, ಯಾರು ಬೇಕಾದರೂ ನೋಡಬಹುದು. ಆದರೂ ಕಥೆ ಸಾಯಲಿಲ್ಲ. ಎಡ್ಡಿಯ ಬಗ್ಗೆ ಹುಡುಕಿದರೆ ಇವತ್ತೂ ಲಾಲ್‌ಬಾಗಿಗಿಂತ ಮೊದಲು ಸಿಗುವುದು ರಿಪ್ಪರ್.

ಇದರಲ್ಲಿ ಅರಮನೆಯ ಪಾಲೂ ಇದೆ. ಒಬ್ಬನ ಬಗ್ಗೆ ಏನೂ ಹೇಳದೆ, ಅವನ ದಿನಚರಿಯನ್ನೂ ಬೇರೆಯವರಿಂದ ಬರೆಸಿದರೆ, ಖಾಲಿ ಜಾಗ ತುಂಬುವ ಕೆಲಸವನ್ನು ಊರೇ ಮಾಡುತ್ತದೆ. 2024ರ ಆರಂಭದಲ್ಲಿ ಕೇಟ್ ಮಿಡಲ್ಟನ್ ಕೆಲವು ವಾರ ಕಾಣಿಸದೆ ಇದ್ದಾಗ, ಕೊನೆಗೆ ತನಗೆ ಕ್ಯಾನ್ಸರ್ ಅಂತ ಆಕೆ ಕ್ಯಾಮೆರಾ ಮುಂದೆ ಹೇಳುವ ತನಕ, ಜಗತ್ತು ಏನೇನು ಕಟ್ಟಿತು ಅನ್ನುವುದು ನೆನಪಿರಬೇಕು.

ಹಾಗಾದರೆ ಎಡ್ಡಿಯಿಂದ ಇವತ್ತಿಗೆ ಏನೂ ಬದಲಾಗಿಲ್ಲವೇ? ಕಾಗದದ ಮೇಲೆ ತುಂಬಾ ಬದಲಾಗಿದೆ. ಹೆಣ್ಣೋ ಗಂಡೋ, ಮೊದಲು ಹುಟ್ಟಿದವರಿಗೇ ಸಿಂಹಾಸನ ಅಂತ ಸ್ವೀಡನ್ 1980ರಲ್ಲಿ ಕಾನೂನು ತಂದಿತು. ಅದರ ಪರಿಣಾಮ, 1979ರಲ್ಲಿ ಹುಟ್ಟಿ ಯುವರಾಜನಾಗಿದ್ದ ಹಸುಗೂಸು ಕಾರ್ಲ್ ಫಿಲಿಪ್ ಏಳೇ ತಿಂಗಳಲ್ಲಿ ಪದವಿ ಕಳೆದುಕೊಂಡ, ಅಕ್ಕ ವಿಕ್ಟೋರಿಯಾ ಯುವರಾಣಿಯಾದಳು. ನೆದರ್‌ಲ್ಯಾಂಡ್ಸ್, ನಾರ್ವೆ, ಬೆಲ್ಜಿಯಂ, ಡೆನ್ಮಾರ್ಕ್ ಒಂದೊಂದಾಗಿ ಹಿಂದೆ ಬಂದವು. ಬ್ರಿಟನ್ 2013ರಲ್ಲಿ ಕಾಯ್ದೆ ಮಾಡಿ 2015ರಲ್ಲಿ ಜಾರಿಗೆ ತಂದಿತು. ಅದೇ ಕಾಯ್ದೆಯಲ್ಲಿ ಕ್ಯಾಥೊಲಿಕ್‌ರನ್ನು ಮದುವೆಯಾದರೆ ಹಕ್ಕು ಹೋಗುತ್ತದೆ ಅನ್ನುವ ನಿಯಮವೂ ಹೋಯಿತು. ಎಡ್ಡಿ ಮತ್ತು ಎಲೆನ್‌ಗೆ ಬರೀ 125 ವರ್ಷ ತಡ! ಸ್ಪೇನಿನಲ್ಲಿ ಮಾತ್ರ ಗಂಡಿಗೇ ಮೊದಲ ಮಣೆ ಅಂತ ಸಂವಿಧಾನದಲ್ಲಿ ಇನ್ನೂ ಇದೆ. ಲಿಯೊನೋರ್ ಯುವರಾಣಿಯಾಗಿರುವುದು ಅವಳಿಗೆ ತಮ್ಮ ಇಲ್ಲ ಅನ್ನುವ ಕಾರಣಕ್ಕೆ.

ಮಕ್ಕಳು ಕೂಡ ಸ್ವಲ್ಪ ಮಾತಾಡಲು ಕಲಿತಿದ್ದಾರೆ. 2021ರಲ್ಲಿ, ಹದಿನೆಂಟು ತುಂಬುವ ಕೆಲವು ತಿಂಗಳು ಮೊದಲು, ಅಮಾಲಿಯಾ ಪ್ರಧಾನಿಗೆ ಕೈಬರಹದ ಪತ್ರ ಬರೆದಳು. ಯುವರಾಣಿಗೆ ಅಂತ ಆಗ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಭತ್ಯೆ ಇತ್ತು. ಓದುತ್ತಿರುವಾಗ, ಅದಕ್ಕೆ ತಕ್ಕ ಕೆಲಸ ಮಾಡದೆ ತೆಗೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ ಅಂದಳು. ಎಡ್ಡಿ ಹೀಗೊಂದು ಪತ್ರ ಬರೆಯುವುದನ್ನು ಊಹಿಸಲೂ ಆಗದು. ಡಾಲ್ಟನ್ ಅವರೇ ತಿದ್ದಿಬಿಡುತ್ತಿದ್ದರು. ಆದರೆ ಅದೇ ಅಮಾಲಿಯಾ ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಕಾಲೇಜು ಸೇರಿ, ಸಹಪಾಠಿಗಳ ಜೊತೆ ಮನೆ ಮಾಡಿ, ಕೆಲವೇ ವಾರದಲ್ಲಿ ಅದನ್ನು ಬಿಡಬೇಕಾಯಿತು. ಅಪರಾಧಿ ಗ್ಯಾಂಗುಗಳ ಬೆದರಿಕೆ. ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪ ಅಂತ ತಾಯಿ ಮ್ಯಾಕ್ಸಿಮಾ ಪತ್ರಕರ್ತರ ಎದುರು ಹೇಳುವಾಗ ಗಂಟಲು ಕಟ್ಟಿತ್ತು. ಆಮೇಲೆ ಒಂದಷ್ಟು ಕಾಲ ಅವಳು ಮ್ಯಾಡ್ರಿಡ್‌ನಲ್ಲಿ ಕೂತು ಓದಿದಳು. ಅದು ಹೊರಗೆ ಗೊತ್ತಾದದ್ದು 2024ರಲ್ಲಿ.

ಕಾನೂನು ಬದಲಾದದ್ದು ಕುರ್ಚಿಗೆ ಯಾರು ಬರಬಹುದು ಅನ್ನುವುದರಲ್ಲಿ. ಕುರ್ಚಿ ಮಗುವಿಗೆ ಬೇಡ ಅನ್ನುವ ಹಕ್ಕು ಎಲ್ಲಿದೆ? ಕಾನೂನಿನಲ್ಲಿ ಇದೆ, ಬಿಟ್ಟುಕೊಡಬಹುದು. ಆದರೆ ಬಿಟ್ಟರೆ ಅದು ಹೋಗಿ ಕೂರುವುದು ತಂಗಿಯ ಅಥವಾ ತಮ್ಮನ ತಲೆಯ ಮೇಲೆ. ಅದಕ್ಕೇ ಹೆಚ್ಚಿನವರು ಬಿಡುವುದಿಲ್ಲ ಅಂತ ನನ್ನ ಊಹೆ. ಸವಲತ್ತಿನ ಆಸೆ ಇಲ್ಲ ಅನ್ನುವುದಿಲ್ಲ. ಜೊತೆಗೆ ಇದೂ ಇದೆ.

ಎಡ್ಡಿಯ ಗೋರಿ ವಿಂಡ್ಸರ್ ಕೋಟೆಯೊಳಗಿನ ಚಾಪೆಲ್‌ನಲ್ಲಿದೆ. ಹುಸಾರ್ ಸಮವಸ್ತ್ರದಲ್ಲಿ ಮಲಗಿರುವ ಮೂರ್ತಿ, ತಲೆಯ ಹತ್ತಿರ ಮಂಡಿಯೂರಿದ ದೇವದೂತ, ಸುತ್ತ ಸಂತರ ಪುಟ್ಟ ಪುಟ್ಟ ಬೊಂಬೆಗಳು. ಶಿಲ್ಪಿ ಆಲ್ಫ್ರೆಡ್ ಗಿಲ್ಬರ್ಟ್ 1892ರಲ್ಲಿ ಕೆಲಸ ಒಪ್ಪಿಕೊಂಡ. ಒಪ್ಪಿಕೊಂಡು ಸಾಲದಲ್ಲಿ ಮುಳುಗಿದ. ಗೋರಿಗೆ ಅಂತ ಮಾಡಿದ ಬೊಂಬೆಗಳ ನಕಲುಗಳನ್ನು ಮಾರಿಕೊಂಡ, ದಿವಾಳಿಯೆದ್ದು ಬೆಲ್ಜಿಯಂಗೆ ಹೋದ. ಅರಮನೆ ಸಿಟ್ಟಾಯಿತು, ಕೆಲಸ ಹಾಗೇ ಬಿದ್ದಿತ್ತು. ಕೊನೆಗೆ ಮುದುಕನಾಗಿ ಲಂಡನ್ನಿಗೆ ವಾಪಸ್ ಬಂದು, ಉಳಿದ ಸಂತರನ್ನು 1928ರಲ್ಲಿ ಮುಗಿಸಿಕೊಟ್ಟ. ಅಷ್ಟರಲ್ಲಿ ತಮ್ಮ ಜಾರ್ಜ್ ರಾಜನಾಗಿ ಹದಿನೆಂಟು ವರ್ಷ ಆಗಿತ್ತು. ಲಾಲ್‌ಬಾಗಿನ ಕಟ್ಟಡವನ್ನು ಬೆಂಗಳೂರಿನವರು ಸುಮ್ನೆ 'ಗ್ಲಾಸ್ ಹೌಸ್' ಅನ್ನುತ್ತಾರೆ.